ಎಡೆಗೆ ಇಟ್ಟ ಫೋನು

ನಾನು ಸತ್ತ ಮೇಲೆ ನನ್ನ ಫೋನಿನಲ್ಲಿರುವುದೆಲ್ಲ ಯಾರಿಗೆ ಸೇರಬೇಕು ಎಂದು ತೀರ್ಮಾನಿಸಲು ಕುಳಿತಾಗ ನನ್ನ ಮನಸ್ಸಿನಲ್ಲಿದ್ದದ್ದು ನನ್ನ ಮಗಳಲ್ಲ, ನನ್ನ ಗಂಡನ ಅಣ್ಣ. ಯಾರಿಗೆ ಸೇರಬೇಕು ಅನ್ನುವುದಕ್ಕಿಂತ ಯಾರಿಗೆ ಸೇರಕೂಡದು ಅನ್ನುವುದೇ ನನಗೆ ಮುಖ್ಯವಾಗಿತ್ತು. ಐವತ್ತೆಂಟು ವರ್ಷದ ಹೆಂಗಸು ಹೀಗೆ ಹಗೆ ಸಾಧಿಸಬಹುದೇ ಎಂದು ಕೇಳಿದರೆ, ಸಾಧಿಸಬಹುದು. ನಾನು ಆರು ವರ್ಷದಿಂದ ಸಾಧಿಸುತ್ತಿದ್ದೇನೆ.

ನನ್ನ ಗಂಡ ಸಕ್ಕರೆ ಕಾರ್ಖಾನೆಯೊಂದರಲ್ಲಿ ಫೀಲ್ಡ್‌ಮನ್ ಆಗಿದ್ದರು. ಮದ್ದೂರಿನಿಂದ ಮಳವಳ್ಳಿಯವರೆಗೆ ಬೈಕಿನಲ್ಲಿ ಸುತ್ತಿ, ಯಾರ ಗದ್ದೆಯ ಕಬ್ಬು ಕಟಾವಿಗೆ ಬಂದಿದೆ ಎಂದು ನೋಡಿಕೊಂಡು ಬರುವುದು ಅವರ ಕೆಲಸ. ಬರೆಯುವುದೆಂದರೆ ಅವರಿಗೆ ಆಗದು. ಬದುವಿನ ಮೇಲೆ ನಿಂತು ಎಲ್ಲವನ್ನೂ ಬಾಯಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಕಬ್ಬಿನ ವಿಷಯ ಮುಗಿದ ಮೇಲೂ ಮಾತು ನಿಲ್ಲುತ್ತಿರಲಿಲ್ಲ. ನಾಲೆ ಏರಿಯ ಮೇಲೆ ಕಂಡ ನವಿಲು, ಬೆಳಿಗ್ಗೆ ನಾನು ಮಾಡಿದ್ದ ಉಪ್ಪಿಲ್ಲದ ಉಪ್ಪಿಟ್ಟು, ಮಗಳ ಮದುವೆಗೆ ಯಾರ್‍ಯಾರನ್ನು ಕರೆಯಬಾರದು ಅನ್ನುವುದು, ಎಲ್ಲವೂ ಅದರೊಳಗೆ. ಭಾನುವಾರ ಊಟವಾದ ಮೇಲೆ ಮಂಡ್ಯದ ಗುತ್ತಲಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಅದನ್ನು ಹಾಕಿಕೊಂಡು ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ಅಂಥದ್ದು ಹನ್ನೊಂದು ವರ್ಷದ್ದಿತ್ತು, ಆ ಫೋನೊಂದರಲ್ಲಿ ಮಾತ್ರ. ಅದರಲ್ಲಿ ಒಂದನ್ನಾದರೂ ನನಗೆ ಕಳಿಸಿದವರಲ್ಲ. ನನಗೇನಾದರೂ ಹೇಳಬೇಕಿದ್ದರೆ ಫೋನ್ ಮಾಡುತ್ತಿದ್ದರು, ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಒಂದು ದಿನ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಅವರ ಹುಟ್ಟೂರು ಕೆರಗೋಡಿನ ಗದ್ದೆಯಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲು ತುಪ್ಪ ಬಿಡಲು ಹೋಗುವಾಗ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಒಯ್ದು ಅಲ್ಲಿ ಎಡೆ ಇಡುವುದು ನಮ್ಮಲ್ಲಿ ರೂಢಿ. ಮುದ್ದೆ, ಸಾರು, ಚಕ್ಕುಲಿ, ಬೀಡಿ ಕಟ್ಟು ಎಲ್ಲ ಮೊರಕ್ಕೆ ಬಂತು. ಪಕ್ಕದಲ್ಲಿದ್ದ ನೆಂಟರ ಹೆಂಗಸೊಬ್ಬಳು, "ಅವನ್ ಕೈಲಿ ಯಾವಾಗ್ಲೂ ಫೋನ್ ಇರೋದು ಕಣಮ್ಮ, ಅದ್ನೂ ಮಡಗು" ಅಂದಳು. ನಾನೇ ಮಡಗಿದೆ. ಸೆರಗಿನಿಂದ ಒರೆಸಿ, ಚಾರ್ಜ್ ಇದೆಯೇ ಎಂದು ನೋಡಿ ಮಡಗಿದೆ. ನನ್ನ ಈ ಬುದ್ಧಿಗೇಡಿತನವನ್ನು ನೆನೆದಾಗಲೆಲ್ಲ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಗಂಡುಮಕ್ಕಳಿಲ್ಲದ ತಮ್ಮನ ಕಾರ್ಯ ಮಾಡಿದವನು ಭಾವ. ಪೂಜೆಯಾದ ಮೇಲೆ ಎಡೆ ಎತ್ತಿದವನೂ ಅವನೇ. ಬೀಡಿಯನ್ನು ಯಾರಿಗೋ ಕೊಟ್ಟ, ಫೋನನ್ನು ಜೇಬಿಗೆ ಹಾಕಿಕೊಂಡ. ಎದುರಿಗೆ ನಾನು ಅವನಿಗೆ ಬಹುವಚನ ಕೊಡುತ್ತೇನೆ. ಬರೆಯುವಾಗಲೂ ಕೊಡುವಷ್ಟು ಉದಾರತೆ ನನ್ನಲ್ಲಿಲ್ಲ.

ಹನ್ನೊಂದನೆಯ ದಿನ ತಿಥಿಯಲ್ಲಿ ಅವನನ್ನು ಪಕ್ಕಕ್ಕೆ ಕರೆದೆ. "ಭಾವ, ಅವ್ರ ಫೋನ್ ಕೊಡಿ."

"ಎಡೆಗೆ ಮಡಗಿದ್ದ ವಾಪಸ್ ಇಸ್ಕೊಂಡಾರೇನಮ್ಮ? ಎತ್ತಿದೋನ್ಗೆ ಸೇರ್ತದೆ ಅದು."

"ಫೋನ್ ನೀವೇ ಮಡಿಕೊಳ್ಳಿ. ಒಳಗಿರೋ ಅವ್ರ ಮಾತು ಬೇಕು ನನ್ಗೆ. ಲಾಕ್ ಗೊತ್ತು, ತೆಕ್ಕೊಡ್ತೀನಿ."

"ಲಾಕಾ? ಅದ್ನ ಮದ್ದೂರ್ನಲ್ಲಿ ಅಂಗ್ಡಿಯೋನ್ ಕೈಲಿ ಆವತ್ತೇ ತೆಗುಸ್ದೆ. ಎಲ್ಲಾ ಅಳಿಸಿ ಕಿಲೀನ್ ಮಾಡ್ಕೊಟ್ಟ. ಈಗ ಒಸಾ ಫೋನಂಗೆ ಓಡ್ತಾದೆ ಕಣಮ್ಮ."

ಜೇಬಿನಿಂದ ತೆಗೆದು ಹೆಮ್ಮೆಯಿಂದ ತೋರಿಸಿದ. ಅದರ ಮೇಲೆ ಅವನ ಎತ್ತುಗಳ ಫೋಟೊ ಇತ್ತು. ನನ್ನನ್ನು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಷ್ಟರಲ್ಲಿ ಎಲೆ ಹಾಕಿದ್ದರು, ಬಡಿಸಲು ಹೋದೆ. ಅವನ ಎಲೆಯೊಂದಕ್ಕೆ ಪಾಯಸ ಬಡಿಸದೆ ಮುಂದಿನ ಎಲೆಗೆ ಹೋದೆ. ಆವತ್ತು ನನ್ನ ಕೈಲಾದದ್ದು ಅಷ್ಟೇ.

ಕಾದೆ. ಎರಡು ವರ್ಷಕ್ಕೆ ನಮ್ಮತ್ತೆ ತೀರಿಕೊಂಡರು. ಭಾವನಿಗೆ ತಾಯಿ ಎಂದರೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ. ಆದರೆ ತಮ್ಮನ ಫೋನು ಹಿಡಿದುಕೊಂಡು ಎತ್ತು, ಟ್ರ್ಯಾಕ್ಟರು, ಭತ್ತದ ಗದ್ದೆ ಎಲ್ಲದರ ಫೋಟೊ ವಿಡಿಯೋ ತೆಗೆದವನು ತಾಯಿಯದನ್ನು ಒಂದು ದಿನವೂ ತೆಗೆದಿರಲಿಲ್ಲ. ಅತ್ತೆಯ ಒಂದೇ ಒಂದು ವಿಡಿಯೋ ಇರುವುದು ನನ್ನ ಹತ್ತಿರ. ನನ್ನ ಗಂಡ ಬದುಕಿದ್ದಾಗ ಕೆರಗೋಡಿನಲ್ಲಿ ನಾನೇ ತೆಗೆದದ್ದು, ಮೂರು ನಿಮಿಷದ್ದು. ಅತ್ತೆ ಅವರೆಕಾಯಿ ಸುಲಿಯುತ್ತಾ, "ದೊಡ್ಡೈದ ಇನ್ನೂ ಉಂಡಿಲ್ಲ ಕಣ್ಲಾ, ಅವನ್ಗೂ ಎತ್ತಿಡ್ರಿ" ಅನ್ನುತ್ತಾರೆ. ಅವರಿಗೆ ಭಾವ ಮುದುಕನಾದರೂ ದೊಡ್ಡ ಹುಡುಗನೇ. ಆಗ ಪಕ್ಕದಿಂದ ನನ್ನ ಗಂಡನ ದನಿ ಬರುತ್ತದೆ: "ನೀ ಉಣ್ಣವ್ವ ಮೊದ್ಲು. ಅವನ್ದು ಎಲ್ಲೂ ಓಗಕ್ಕಿಲ್ಲ." ಮುಖ ಕಾಣುವುದಿಲ್ಲ. ಅವರ ದನಿ ಈ ಭೂಮಿಯ ಮೇಲೆ ಉಳಿದಿರುವುದು ಅಷ್ಟೇ.

ವಿಡಿಯೋ ಇರುವ ವಿಷಯವನ್ನು ನನ್ನ ಮಗಳು ಅವನಿಗೆ ಹೇಳಿಬಿಟ್ಟಳು. ಮಾರನೆಯ ದಿನವೇ ಕೆರಗೋಡಿನಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಕಾಫಿ ಕೊಟ್ಟೆ, ವಿಡಿಯೋ ಹಾಕಿದೆ. ಫೋನನ್ನು ಮಾತ್ರ ನನ್ನ ಕೈಯಲ್ಲೇ ಹಿಡಿದುಕೊಂಡಿದ್ದೆ. ನೋಡಿ ಅತ್ತ. ಟವೆಲ್ಲಿನಿಂದ ಮೂಗು ಒರೆಸಿಕೊಂಡು, "ನನ್ಗೂ ಕಳ್ಸಮ್ಮ" ಅಂದ.

"ಕಳ್ಸಕ್ಕಿಲ್ಲ ಭಾವ. ನೋಡ್ಬೇಕು ಅನ್ಸುದ್ರೆ ಬನ್ನಿ, ಹಾಕ್ತೀನಿ."

ಅವನಿಗೆ ಅರ್ಥವಾಯಿತು. ಅಂದಿನಿಂದ ವರ್ಷಕ್ಕೊಮ್ಮೆ, ಪಿತೃಪಕ್ಷದ ಹಬ್ಬ ಮಾಡುವ ಮುಂಚೆ ಬರುತ್ತಾನೆ. ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತು, ನಾನು ಕೆಲಸ ಮುಗಿಸಿ ಬರುವವರೆಗೂ ಕಾಯುತ್ತಾನೆ. ಬೇಕೆಂದೇ ತಡ ಮಾಡುತ್ತೇನೆ. ಒಂದೇ ಸಲ ಹಾಕುತ್ತೇನೆ. ಇನ್ನೊಂದು ಸಲ ಅಂದರೆ ಚಾರ್ಜ್ ಇಲ್ಲ ಅನ್ನುತ್ತೇನೆ. ಅವನ ಕಣ್ಣು ಒದ್ದೆಯಾದರೆ ನನಗೆ ಹಾಯೆನಿಸುತ್ತದೆ.

ಹೋದ ವರ್ಷ ಏಳುವಾಗ, "ನಿನ್ ತರುವಾಯ ಇದು ಯಾರ್ಗಮ್ಮ?" ಎಂದು ಕೇಳಿದ. ಅಲ್ಲಿಯವರೆಗೆ ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವನು ಹೋದ ಮೇಲೆ ಮಗಳನ್ನು ಕೇಳಿದೆ. ಅವಳು ಮಂಡ್ಯದಲ್ಲೇ ಬ್ಯಾಂಕಿನಲ್ಲಿದ್ದಾಳೆ, ಇಂಥದ್ದೆಲ್ಲ ತಿಳಿದವಳು. ಫೋಟೊ ವಿಡಿಯೋ ಎಲ್ಲ ಫೋನಿನಲ್ಲಷ್ಟೇ ಅಲ್ಲ, ನನ್ನ ಇಂಟರ್ನೆಟ್ ಅಕೌಂಟಿನಲ್ಲೂ ಇರುತ್ತವಂತೆ. ಇಷ್ಟು ತಿಂಗಳು ನಾನು ಅದನ್ನು ತೆರೆಯದಿದ್ದರೆ, ಕಂಪನಿಯವರು ನಾನು ಹೆಸರಿಸಿದವರಿಗೆ ಒಪ್ಪಿಸುತ್ತಾರಂತೆ, ಇಲ್ಲವೇ ಎಲ್ಲವನ್ನೂ ಅಳಿಸುತ್ತಾರಂತೆ. ಎರಡರಲ್ಲಿ ಒಂದನ್ನು ನಾನು ಈಗಲೇ ಆರಿಸಿ ಇಡಬಹುದು. ಇನ್ನು ಫೋನಿನ ಲಾಕ್ ನನಗೊಬ್ಬಳಿಗೇ ಗೊತ್ತು.

"ನನ್ ಹೆಸ್ರು ಹಾಕಮ್ಮ" ಅಂದಳು.

"ದೊಡ್ಡಪ್ಪ ಬಂದು ಕೇಳುದ್ರೆ ಕಳ್ಸೀಯಾ?"

"ಕೇಳುದ್ರೆ ಇಲ್ಲ ಅನ್ನಕ್ಕಾಯ್ತದಾ? ಅಜ್ಜಿ ಅವ್ರ್ಗೂ ಅವ್ವ ಅಲ್ವಾ?"

ಒಳ್ಳೆಯ ಹುಡುಗಿ, ಅವಳಪ್ಪನ ಹಾಗೆ. ಅಳಿಸು ಅನ್ನುವುದನ್ನು ಒತ್ತಿದೆ. ಅವಳು ನನ್ನ ಕೈ ಹಿಡಿದುಕೊಂಡಳು. "ಅಪ್ಪನ ದನಿ ಅದೊಂದ್ರಲ್ಲೇ ಇರೋದಮ್ಮ. ನನ್ಗೂ ಸಿಗ್ದಂಗ್ ಮಾಡ್ತೀಯಾ?" ಎಂದು ಅತ್ತಳು. ಆದರೂ ಒತ್ತಿದ್ದನ್ನು ಬದಲಾಯಿಸಲಿಲ್ಲ.

ಹಾಗೆಂದು ಮಗಳ ಮೇಲೆ ನನಗೆ ಕನಿಕರವಿಲ್ಲವೆಂದಲ್ಲ. ಬದುಕಿರುವವರೆಗೂ ಈ ತೀರ್ಮಾನವನ್ನು ಯಾವತ್ತು ಬೇಕಾದರೂ ಬದಲಾಯಿಸಬಹುದಂತೆ. ಭಾವನಿಗೆ ಎಪ್ಪತ್ತೊಂದು, ಸಕ್ಕರೆ ಕಾಯಿಲೆ ಬೇರೆ. ಅವನು ನನಗಿಂತ ಮುಂಚೆ ಹೋದರೆ ಆವತ್ತೇ ಮಗಳ ಹೆಸರು ಹಾಕುತ್ತೇನೆ. ಅದಕ್ಕೇ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ, ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ. ಕೆರಗೋಡಿನಿಂದ ಯಾರೇ ಬರಲಿ, ಮೊದಲು ಭಾವನ ಆರೋಗ್ಯ ವಿಚಾರಿಸುತ್ತೇನೆ.

ಮೊನ್ನೆ ಹಾಗೆ ವಿಚಾರಿಸುತ್ತಿದ್ದುದನ್ನು ಮಗಳು ಕೇಳಿಸಿಕೊಂಡಳು. ಬಂದವರು ಹೋದ ಮೇಲೆ, "ದೊಡ್ಡಪ್ಪನ್ ಮೇಲಿನ ಸಿಟ್ಟು ಇಳೀತಾ ಅಮ್ಮ? ಅಷ್ಟೊಂದು ವಿಚಾರಿಸ್ತಿದ್ದೆ?" ಅಂದಳು.

"ನಿನ್ಗೋಸ್ಕರನೇ ಕಣಮ್ಮ ವಿಚಾರಿಸ್ತಿರೋದು" ಅಂದೆ.