ಮಾತು ಮರೆತವರಿಗೆ ಮಾತು ಕೊಡುವ ಲಕ್ಕಮ್ಮ

ಬೆಳಗಿನ ಆರು ಗಂಟೆ. ಜಗಲಿಯ ಮೇಲೆ ಕುಳಿತ ಲಕ್ಕಮ್ಮ ಅನ್ನದ ಗಂಜಿಯನ್ನು ಬೆರಳಲ್ಲಿ ತೆಗೆದು ಹರಿದ ಹಾಳೆಯ ಅಂಚಿಗೆ ಸವರುತ್ತಿದ್ದಾರೆ. ಮೇಲೊಂದು ಕಾಗದದ ಪಟ್ಟಿ ಇಟ್ಟು, ಅಂಗೈಯಿಂದ ಒತ್ತಿ, ಊದುತ್ತಾರೆ. ಮತ್ತೊಂದು ಹಾಳೆ. ಸೊಸೆ ಮೇಘಶ್ರೀ ಬಾಗಿಲಲ್ಲಿ ನಿಂತು ಕಾಫಿಗೆ ಕರೆಯುತ್ತಾಳೆ. ಎರಡನೇ ಸಲ ಜೋರಾಗಿ ಕರೆಯುತ್ತಾಳೆ. ಲಕ್ಕಮ್ಮ ತಿರುಗುವುದಿಲ್ಲ. ಮೂರನೇ ಸಲ ಕರೆಯದೆ, ಮೇಘಶ್ರೀ ಲೋಟವನ್ನು ತಂದು ಅತ್ತೆಯ ಮೊಣಕಾಲ ಬಳಿ ಇಡುತ್ತಾಳೆ.

ಅಂಟಿಸುತ್ತಿರುವುದು ಊರಿನ ಕಲಾ ಸಂಘದ ನಾಟಕದ ಪುಸ್ತಕ. ಇನ್ನೂರ ಹನ್ನೊಂದು ಪುಟ, ಹದಿನಾಲ್ಕು ಪಾತ್ರ, ಎಲ್ಲ ಕೈಬರಹ. ಹಾಸನ ಜಿಲ್ಲೆಯ ದುದ್ದದಿಂದಾಚೆಯ ಈ ಹಳ್ಳಿಯಲ್ಲಿ ಲಕ್ಕಮ್ಮ ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡುತ್ತಾರೆ. ದಿನಕ್ಕೆ ಅರವತ್ತೆಂಟು ಮಕ್ಕಳ ಊಟ. ಸಂಜೆಯಾದರೆ ತಾಲೀಮು. ನಾಟಕದ ದಿನ ರಂಗದ ಎಡಗಡೆಯ ಮರೆಪರದೆ, ಸೈಡ್‌ವಿಂಗ್ ಹಿಂದೆ ಮಣೆ ಹಾಕಿಕೊಂಡು ಕೂರುತ್ತಾರೆ. ಪಾತ್ರಧಾರಿ ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವುದು ಅವರ ಕೆಲಸ. ಇಪ್ಪತ್ತೊಂಬತ್ತು ವರ್ಷಗಳಿಂದ ಕರಪತ್ರದಲ್ಲಿ ಸೀನರಿಯವರ ಹೆಸರು, ಶಾಮಿಯಾನದವರ ಹೆಸರು ಬಂದಿದೆ. ಇವರ ಹೆಸರು ಬಂದಿಲ್ಲ.

ಏಳನೇ ತರಗತಿಗೆ ಶಾಲೆ ಬಿಟ್ಟವರು. ಗಂಡ ದೇವಯ್ಯನವರಿಗೆ ಓದು ಬಾರದು, ಮಂತ್ರಿಯ ಪಾತ್ರದ ಆಸೆ ಮಾತ್ರ ಬೆಟ್ಟದಷ್ಟು. ಲಕ್ಕಮ್ಮ ಮೊದಲೇ ಓದಿಕೊಂಡು, ರಾಗಿ ಬೀಸುತ್ತ, ಹಸು ಕರೆಯುತ್ತ ಹೇಳಿದ್ದನ್ನು ಕೇಳಿ ಅವರು ಬಾಯಿಪಾಠ ಮಾಡಿದರು. ಸುದ್ದಿ ತಿಳಿದು ಓದು ಬಾರದ ಇನ್ನಿಬ್ಬರು ಬಂದರು. ಹಾಗೆ ಶುರುವಾಯಿತು. ಈಗ ಊರಿನ ಗಂಡಸರು ಅವರನ್ನು ‘ಮೇಷ್ಟ್ರಮ್ಮ’ ಎನ್ನುತ್ತಾರೆ.

“ಪುಸ್ತಕ ನೋಡ್ಕಂಡು ಓದೋದು ಯಾರ್ ಬೇಕಾರೂ ಮಾಡ್ತಾರೆ ಕಣವ್ವ,” ಎನ್ನುತ್ತಾರೆ ಲಕ್ಕಮ್ಮ. “ಮರ್ತು ನಿಂತವ್ನೋ, ಉಸ್ರು ಎಳ್ಕಳಕ್ಕೆ ನಿಂತವ್ನೋ, ಅದು ಕಿವೀಗೆ ಗೊತ್ತಾಗ್ಬೇಕು.”

ಆ ಕಿವಿಯೇ ಈಗ ಹೋಗುತ್ತಿದೆ. ಮೊದಲು ಗೋಡೆ ಗಡಿಯಾರದ ಸದ್ದು ನಿಂತಿತು. ಆಮೇಲೆ ಎದುರು ಮನೆಯ ಹುಂಜ. ಕುಕ್ಕರಿನ ಕೂಗನ್ನು ಈಗ ಕಣ್ಣಲ್ಲಿ ಎಣಿಸುತ್ತಾರೆ, ಆವಿ ಚಿಮ್ಮಿದ್ದನ್ನು ನೋಡಿ. ದಿನಾ ಎದ್ದ ಕೂಡಲೇ ಹಾಲಿನ ಗಾಡಿಯ ಹಾರ್ನ್‌ಗೆ ಕಾಯುತ್ತಾರೆ. ಅದು ಕೇಳಿಸಿದರೆ ಆ ದಿನಕ್ಕೆ ಎದೆ ಹಗುರ. “ಇವತ್ತು ಕೇಳ್ತು. ನಾಳೀಕೆ ಗಾಡಿ ಬತ್ತದೆ, ಸದ್ದು ಬತ್ತದೋ ಇಲ್ವೋ.” ಹಾಸನದ ವೈದ್ಯರು ಎಡಗಿವಿ ಮುಗಿಯಿತು, ಬಲಗಿವಿಯೂ ಅದೇ ದಾರಿ ಎಂದಿದ್ದಾರೆ. ಅವರು ಕೊಟ್ಟ ಕಿವಿಯ ಯಂತ್ರ ಅಡುಗೆಮನೆಯಲ್ಲಿ ಸರಿ. ಸೈಡ್‌ವಿಂಗ್ ಹಿಂದೆ ಹಾರ್ಮೋನಿಯಂ, ತಬಲ, ಮೈಕು ಎಲ್ಲ ಒಂದೇ ಗದ್ದಲವಾಗಿ ನುಗ್ಗುತ್ತದೆ. ಮುಖ ನೋಡಿ ತುಟಿಯಿಂದ ತಿಳಿಯೋಣವೆಂದರೆ ಅಲ್ಲಿಂದ ಕಾಣುವುದು ಪಾತ್ರಧಾರಿಯ ಬೆನ್ನು.

ಕಳೆದ ವರ್ಷ ಹಾಸನದಲ್ಲಿ ಹಗಲು ನಾಟಕ. ರಾಜನ ಪಾತ್ರ ಸಂಘದ ಅಧ್ಯಕ್ಷ ಪುಟ್ಟಸ್ವಾಮಿಯವರದು. ಮಗನನ್ನು ಕಾಡಿಗಟ್ಟಿದ ರಾಜ ಬಿಕ್ಕಿ ಸುಮ್ಮನಾಗುವ ಜಾಗವೊಂದಿದೆ. ಆ ಬಿಕ್ಕು ಲಕ್ಕಮ್ಮನಿಗೆ ಕೇಳಿಸಲಿಲ್ಲ. ಮರೆತಿದ್ದಾರೆಂದು “ಈ ಕೈಯೇ ನಿನ್ನನ್ನು ಕಾಡಿಗೆ ಕಳಿಸಿತು ಮಗನೇ” ಎಂದು ಎತ್ತಿಕೊಟ್ಟರು. ಅದಾಗಲೇ ಹೇಳಿದ್ದ ಮಾತು. ತಪ್ಪಾಗಿ ಹೇಳಿದೆನೇನೋ ಎಂದು ಪುಟ್ಟಸ್ವಾಮಿ ಮತ್ತೆ ಹೇಳಿದರು. ಅದೂ ಕೇಳಿಸದೆ ಲಕ್ಕಮ್ಮ ಇನ್ನೂ ಜೋರಾಗಿ ಎತ್ತಿಕೊಟ್ಟರು, ಮೈಕಿಗೂ ಸಿಕ್ಕಿತು. ಪುಟ್ಟಸ್ವಾಮಿ ಮೂರನೇ ಸಲ ಕೈ ಚಾಚಿ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು, “ಸಾಕು ಕಣಣ್ಣ, ಕೈ ಎಳ್ಕಾ,” ಎಂದರು. ಸಭೆಯೆಲ್ಲ ನಕ್ಕಿತು. ಪುಟ್ಟಸ್ವಾಮಿಯೂ ಆಮೇಲೆ ನಕ್ಕರು, ಮೇಷ್ಟ್ರಮ್ಮನಿಗೆ ಪುಟ ತಪ್ಪಿತೆಂದುಕೊಂಡರು. ಲಕ್ಕಮ್ಮ ಒಬ್ಬರೇ ನಗಲಿಲ್ಲ. ಕಿವಿಯ ವಿಷಯ ಗೊತ್ತಾದರೆ ಸಂಘದಿಂದ ಬಿಡಿಸುತ್ತಾರೆಂದು ವರ್ಷವಿಡೀ ಬಾಯಿ ಬಿಡಲಿಲ್ಲ.

ಈಗ ಅವರಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಕಾಂತರಾಜುವಿನ ಬಗ್ಗೆ. ಚನ್ನರಾಯಪಟ್ಟಣದ ಮಂಡಿಯಲ್ಲಿ ಕೊಬ್ಬರಿ ಚೀಲ ಹೊರುವ ಕಾಂತರಾಜುವಿಗೆ ಚಿಕ್ಕಂದಿನಿಂದ ಮಾತು ತೊದಲು. ಬಸ್ಸಿನಲ್ಲಿ ಊರಿನ ಹೆಸರು ಹೇಳಲಾಗದೆ ಚಿಲ್ಲರೆ ತೋರಿಸಿ ಟಿಕೆಟ್ ಪಡೆಯುತ್ತಿದ್ದ. ಆದರೆ ಮೊದಲ ಅಕ್ಷರವನ್ನು ಹಿಂದಿನಿಂದ ಲಕ್ಕಮ್ಮ ಹಿಡಿದುಕೊಟ್ಟರೆ, ಪುಟಗಟ್ಟಲೆ ಸೇನಾಪತಿಯ ಮಾತು ಎಲ್ಲೂ ಎಡವದೆ ಹರಿಯುತ್ತದೆ. ಅದೇ ಧೈರ್ಯದಲ್ಲಿ ಹೋದ ವರ್ಷ ಗ್ರಾಮಸಭೆಯಲ್ಲಿ ಎದ್ದು ನಿಂತು ಬೀದಿಗೆ ನಲ್ಲಿ ಕೇಳಿದ. ಈಗ ನಲ್ಲಿ ಬಂದಿದೆ.

“ಮೇಷ್ಟ್ರಮ್ಮ ಇ... ಇಂದೆ ಕುಂತವ್ರೆ ಅಂದ್ರೆ ನಂಗೆ ಬಾಯೈತೆ,” ಎನ್ನುತ್ತಾನೆ.

ಮಾತು ಕಟ್ಟಿದ್ದು ಕೇಳಿಸದೆ ಹೋದರೆ ಅವನು ನಾನೂರು ಜನರ ಎದುರು ಬಾಯಿ ತೆರೆದುಕೊಂಡು ನಿಲ್ಲಬೇಕು. “ಆಮ್ಯಾಕೆ ಅವ್ನು ಸ್ಟೇಜಿಗೂ ಅತ್ತಲ್ಲ, ಸಭೇಲೂ ಏಳಲ್ಲ,” ಎಂದು ಹೇಳುವಾಗ ಲಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾರೆ. ನಾಟಕಕ್ಕೆ ಇನ್ನು ಮೂರು ವಾರ.

ಅದೇ ಸಂಜೆ ಸಮುದಾಯ ಭವನದಲ್ಲಿ ತಾಲೀಮು. ಹದಿನಾಲ್ಕು ಜನರೂ ಬಂದಿದ್ದಾರೆ. ತಾಲೀಮು ಶುರುವಾಗುವ ಮೊದಲು ಲಕ್ಕಮ್ಮ ಎದ್ದು ನಿಲ್ಲುತ್ತಾರೆ. ಕಿವಿ ಕೇಳುತ್ತಿಲ್ಲವೆಂದು, ಕಳೆದ ವರ್ಷದ ತಪ್ಪು ಪುಟದ್ದಲ್ಲವೆಂದು ಹೇಳುತ್ತಾರೆ. ಪುಟ್ಟಸ್ವಾಮಿಯವರ ಮುಖದ ನಗು ಅಲ್ಲೇ ನಿಲ್ಲುತ್ತದೆ. ಕಾಂತರಾಜು ನೆಲ ನೋಡುತ್ತಾನೆ. ಈ ವರ್ಷ ಲಕ್ಕಮ್ಮನ ಕಿವಿಯಾಗಿ ಪಕ್ಕದಲ್ಲಿ ಒಬ್ಬರು ಕೂರಬೇಕು. ಯಾರು ಎಲ್ಲಿ ಮರೆತು ನಿಲ್ಲುತ್ತಾರೆ, ಎಲ್ಲಿ ಉಸಿರಿಗೆ ನಿಲ್ಲುತ್ತಾರೆ ಎಂದು ಬಲ್ಲವರಾಗಿರಬೇಕು, ಅಂಥವರು ಈ ಹದಿನಾಲ್ಕು ಜನರಲ್ಲೇ ಇರುವುದು. ಕೂತವರಿಗೆ ಈ ವರ್ಷ ಪಾತ್ರವಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು.

“ಯಾರಾರ ಒಬ್ರು ನನ್ ಪಕ್ಕ ಕುಂತ್ಕಳ್ರಪ್ಪ,” ಎನ್ನುತ್ತಾರೆ ಲಕ್ಕಮ್ಮ. “ಮಾತು ನಿಂತೇಟ್ಗೆ ನನ್ ತೋಳು ಮುಟ್ಟಿ. ಅಷ್ಟೇಯ.”

ಉತ್ತರ ತನಗೆ ಕೇಳಿಸದೆ ಹೋದೀತೆಂದು ಒಬ್ಬೊಬ್ಬರ ತುಟಿಯನ್ನೂ ನೋಡುತ್ತ ಬರುತ್ತಾರೆ. ಯಾರ ತುಟಿಯೂ ಅಲುಗುವುದಿಲ್ಲ.