ಮುರುಕು ಶಿಲುಬೆಯ ಬುಡದಲ್ಲಿ

ಹಳಿಯಾಳದ ಹತ್ತಿರ, ಕಾಡಿನ ಅಂಚಿಗೆ ನಮ್ಮೂರು. ಅಲ್ಲಿಯ ಇಗರ್ಜಿಯ ಹಿಂದೆ ಒಂದು ಕಲ್ಲಿನ ಶಿಲುಬೆ ಇತ್ತು. ಇತ್ತು ಅನ್ನುವುದಕ್ಕಿಂತ ಅಳಿದುಳಿದಿತ್ತು ಅನ್ನಬೇಕು. ತೋಳೆರಡೂ ಯಾವ ಕಾಲದಲ್ಲೋ ಮುರಿದುಹೋಗಿ, ನನ್ನ ಸೊಂಟದೆತ್ತರದ ಕಂಬವಷ್ಟೇ ಪಾಚಿ ಹಿಡಿದು ನಿಂತಿತ್ತು. ಅದನ್ನು ನಿಲ್ಲಿಸಿದವರು ಯಾರೆಂದು ಪಾದ್ರಿಗಳಿಗೂ ಗೊತ್ತಿರಲಿಲ್ಲ. ಎಮ್ಮೆಗಳು ಅದಕ್ಕೆ ಮೈ ಉಜ್ಜಿಕೊಳ್ಳುತ್ತಿದ್ದವು.

ನನ್ನ ತಮ್ಮ ಮಲಗಿದ್ದು ಅದರ ಬುಡದಲ್ಲಿ. ಹುಟ್ಟಿದ ದಿನವೇ ತೀರಿಕೊಂಡ ಕೂಸು, ಜ್ಞಾನಸ್ನಾನ ಆಗಿರಲಿಲ್ಲ. ಅಂಥ ಕೂಸಿಗೆ ಆಗ ಇಗರ್ಜಿಯ ಸ್ಮಶಾನದಲ್ಲಿ ಜಾಗವಿರಲಿಲ್ಲ. ಒಂದು ದಿನದ ಕೂಸು ಯಾರಿಗೆ ಏನು ಮಾಡಿತ್ತು? ಅಪ್ಪ ಶಿಲುಬೆಯ ಬುಡದಲ್ಲಿ ಮಣ್ಣು ಮಾಡಿ ಬಂದ. ಸತ್ತವರ ಹಬ್ಬದ ದಿನ ಊರವರೆಲ್ಲ ತಮ್ಮ ತಮ್ಮ ಸಮಾಧಿಗಳಿಗೆ ಹೂ ಏರಿಸುವಾಗ, ಅವ್ವ ನನ್ನ ಕೈ ಹಿಡಿದು ಇಗರ್ಜಿಯ ಹಿಂದಕ್ಕೆ ನಡೆಯುತ್ತಿದ್ದಳು. ಕಲ್ಲಿನ ಬುಡದಲ್ಲಿ ಒಂದು ಮೇಣದಬತ್ತಿ ಹಚ್ಚುತ್ತಿದ್ದಳು.

ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಕಡಿದು ನಮ್ಮವರು ಸ್ವಲ್ಪ ಚೇತರಿಸಿಕೊಂಡಿದ್ದರು. ಮುರುಕು ಶಿಲುಬೆ ಊರಿಗೇ ಅವಮಾನವೆಂದು ಹಿರಿಯರಿಗೆ ಅನಿಸಿತು. ಇಗರ್ಜಿಯ ಮುಂದೆ ಸಿಮೆಂಟಿನ ಹೊಸ ಶಿಲುಬೆ, ಹಿಂದಿನ ಜಾಗಕ್ಕೆ ಗರಸು ಮಣ್ಣು ಸುರಿದು ಬಯಲು ಎಂದು ಗೊತ್ತುಮಾಡಿದರು. ಕೆಟ್ಟ ಮನಸ್ಸು ಯಾರದೂ ಅಲ್ಲ. ಆದರೂ ಸಿಮೆಂಟು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅವ್ವ ಆಗ ತನ್ನ ತಂಗಿಯ ಬಾಣಂತನಕ್ಕೆಂದು ಜೋಯಿಡಾ ಕಡೆ ಹೋಗಿದ್ದಳು. ಕಲ್ಲನ್ನು ಒಡೆದು ಹೊಸ ಶಿಲುಬೆಯ ಬುನಾದಿಗೆ ಹಾಕುತ್ತಾರೆಂದು ತಿಳಿದು, ಅಪ್ಪ ಹಿರಿಯರ ಕೈಕಾಲು ಹಿಡಿದ. ಅದನ್ನು ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ನಮ್ಮ ಅಂಗಳದಲ್ಲಿ ನೆಟ್ಟ. ತಾನಾಗಿ ಅವ್ವನಿಗೆ ಒಂದು ಸೀರೆ ತಂದವನಲ್ಲ, ಅವಳು ಮರಳುವ ದಿನ ಮಾತ್ರ ದಾರಿ ಕಾಯುತ್ತ ಬಾಗಿಲಲ್ಲೇ ಕೂತಿದ್ದ.

ಬಂದ ಅವ್ವ ಕಲ್ಲು ನೋಡಿದಳು. ತಲೆಯ ಮೇಲಿನ ಗಂಟನ್ನೂ ಇಳಿಸಲಿಲ್ಲ.

"ಇದು ಇಲ್ಲ್ಯಾಕ ಬಂತ್ರೀ?"

"ಒಡದ ಹಾಕ್ತಿದ್ರು. ನಿನಗಂತ ಉಳಿಸೇನಿ."

"ಕಲ್ಲ ತಂದ್ರಿ. ಕೂಸ ಅಲ್ಲೇ ಉಳೀತಲ್ರೀ! ಇನ್ನ ಅದನ್ನ ಎಲ್ಲಂತ ಹುಡಕ್ಲಿ?"

ಅಪ್ಪ ಎದ್ದು ಇಗರ್ಜಿಯ ಕಡೆ ಓಡಿದ, ಹಿಂದೆ ನಾವು. ಗರಸಿನ ಮೇಲೆ ಜನ ಓಡಾಡಿ ನೆಲ ಆಗಲೇ ಗಟ್ಟಿಯಾಗಿತ್ತು. ಇಲ್ಲೇ ಅಂದ, ಅಲ್ಲ ಅಲ್ಲಿ ಅಂದ, ಕಡೆಗೆ ಮುಖ ಮುಚ್ಚಿಕೊಂಡು ಕುಸಿದು ಕೂತ. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಲ್ಲು ಅಂಗಳದಲ್ಲೇ ಉಳಿಯಿತು. ಅವ್ವ ಅದರ ಮುಂದೆ ಎಂದೂ ಬತ್ತಿ ಹಚ್ಚಲಿಲ್ಲ. ಸತ್ತವರ ಹಬ್ಬಕ್ಕೆ ಆ ಬಯಲಿಗೇ ಹೋಗಿ ವರ್ಷಕ್ಕೊಂದು ಕಡೆ ಹಚ್ಚುತ್ತಿದ್ದಳು. ಹೋದ ವರ್ಷ ಹಚ್ಚಿದ್ದು ಈ ಜಾಗದಲ್ಲಿ ಅಲ್ಲವಲ್ಲ ಎಂದು ನಾನು ಒಮ್ಮೆ ಕೇಳಿದೆ.

"ಒಂದ ವರ್ಷರೆ ಕೂಸಿನ ತಲೀ ಹತ್ತರ ಬೆಳಕ ಬಿದ್ದೀತಲ್ಲವಾ," ಅಂದಳು.