ನನಗೆ ಬಂದ ಬಯಕೆ ತಿಂಡಿ

ಕಳೆದ ತಿಂಗಳು ನಾನು ಬಸುರಿಯಾದೆ. ನನಗೆ ಗೊತ್ತಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಬಂಟ್ವಾಳ ಪೇಟೆಯ ನಮ್ಮ ಕೇರಿಗೆ ಮಾತ್ರ ಗೊತ್ತಿತ್ತು.

ಮೊದಲು ಬಂದದ್ದು ಮಿಡಿ ಉಪ್ಪಿನಕಾಯಿ. ಪಕ್ಕದ ಮನೆಯ ಸುಮತಿ ಅಕ್ಕ ಭರಣಿಯಿಂದ ಬಟ್ಟಲಿಗೆ ತೆಗೆದು, ಮೇಲೊಂದು ಬಾಳೆಲೆ ಮುಚ್ಚಿ ತಂದುಕೊಟ್ಟರು. (ಹೆಸರು ಬದಲಿಸಿದ್ದೇನೆ. ಕೇರಿಯವರಿಗೆ ಹೇಗೂ ಗೊತ್ತಾಗುತ್ತದೆ.) ಮರುದಿನ ಎದುರು ಮನೆಯಿಂದ ಹಲಸಿನ ಎಲೆಯಲ್ಲಿ ಬೇಯಿಸಿದ ಕಡುಬು ಬಂತು. ಆಮೇಲೆ ಹೋಳಿಗೆ. ನಾನು ತಿಂದೆ. ಚೆನ್ನಾಗಿಯೇ ತಿಂದೆ. ಅವಳಿ ಮಕ್ಕಳನ್ನು ಸಾಕುವವಳಿಗೆ ಯಾರೋ ಮಾಡಿಕೊಟ್ಟ ತಿಂಡಿ ಎಂದರೆ ಏನು ಎಂದು ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾ?

ಒಂದು ದಿನ ಬಾವಿಕಟ್ಟೆಯಲ್ಲಿ ಸುಮತಿ ಅಕ್ಕ ನನ್ನ ಕೈಯಿಂದ ಕೊಡಪಾನ ಕಿತ್ತುಕೊಂಡು ನಮ್ಮ ಬಾಗಿಲಿನವರೆಗೆ ತಾವೇ ಹೊತ್ತು ತಂದಿಟ್ಟರು. ಆಗಲೂ ನನ್ನ ದಡ್ಡ ತಲೆಗೆ ಏನೂ ಹೊಳೆಯಲಿಲ್ಲ.

ನಮ್ಮ ಕಡೆ ಒಂದು ಕ್ರಮ ಉಂಟು. ಹೆಂಗಸಿಗೆ ದಿನ ನಿಂತಿದೆಯಾ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ದೃಷ್ಟಿಯಾಗುತ್ತದಂತೆ. ಅವಳಾಗಿ ಹೇಳುವುದೂ ಇಲ್ಲ. ನೋಡಿ ತಿಳಿದುಕೊಳ್ಳುವುದು, ಹುಳಿಯನ್ನೋ ಸಿಹಿಯನ್ನೋ ಕಳಿಸುವುದು, ಅಷ್ಟೆ. ಕೇಳಿದ್ದರೆ ಇಲ್ಲ ಎಂದು ನಕ್ಕು ಮುಗಿಸುತ್ತಿದ್ದೆ. ಕಡುಬಿಗೆ ಏನೆಂದು ಉತ್ತರ ಕೊಡುವುದು?

ಕೇರಿಯವರನ್ನು ನಾನು ದೂರುವುದಿಲ್ಲ. ಅವರಿಗೆ ಕಣ್ಣು ಉಂಟು, ನನಗೆ ಹೊಟ್ಟೆ ಉಂಟು. ತಿಂಗಳ ಮೂರು ದಿನ ಹೊರಗೆ ಕೂರುವ ಕ್ರಮವನ್ನು ಬೇರೆ ನಾನು ಬಿಟ್ಟಿದ್ದೇನೆ. (ಮನೆಯಲ್ಲಿ ನಾನೊಬ್ಬಳೇ ಹೆಂಗಸು. ಹೊರಗೆ ಕೂತರೆ ಮಕ್ಕಳಿಗೆ ಅನ್ನ ಬೇಯಿಸುವವರು ಯಾರು?) ಇವಳು ಹೊರಗೆ ಕೂರುವುದು ಕಾಣುವುದಿಲ್ಲ, ಹೊಟ್ಟೆ ಮಾತ್ರ ಕಾಣುತ್ತದೆ. ಇನ್ನೇನು ತಿಳಿಯಬೇಕು ಅವರು?

ಅವಳಿಗಳು ಹುಟ್ಟಿ ಎರಡು ವರ್ಷ ಆಯಿತು. ಎರಡೂ ಹೆಣ್ಣು. ಮಕ್ಕಳು ಹೊರಗೆ ಬಂದರು, ಹೊಟ್ಟೆ ಇದ್ದಲ್ಲಿಯೇ ಉಳಿಯಿತು. ಮೂಡುಬಿದಿರೆಯ ತವರಿನಲ್ಲಿ ಬಾಣಂತನಕ್ಕೆ ಏನೂ ಕಡಿಮೆಯಾಗಿರಲಿಲ್ಲ. ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಹೊಯ್ದರು. ಅಮ್ಮ ತನ್ನ ಹಳೆಯ ಸೀರೆ ಹರಿದು ನನ್ನ ಹೊಟ್ಟೆಗೆ ಉಸಿರು ಕಟ್ಟುವಷ್ಟು ಬಿಗಿದು ಸುತ್ತಿದರು. ಆದರೂ ಜೋತುಬಿದ್ದ ಚರ್ಮ ಮೇಲೇಳಲಿಲ್ಲ. ಮೇಲಿನದ್ದನ್ನು ಕೇಳಲೇಬೇಡಿ. ಇಬ್ಬರು ಸೇರಿ ಕುಡಿದು ಖಾಲಿ ಮಾಡಿದರು. ಮದುವೆಯ ಬ್ಲೌಸು ಈಗ ಎದೆಯಲ್ಲಿ ದೊಗಲೆ, ಕೆಳಗಿನ ಹುಕ್ಕು ಹಾಕಲಿಕ್ಕೇ ಆಗುವುದಿಲ್ಲ. (ಸಂಪಾದಕರು ಇಲ್ಲಿ ಕೆಂಪು ಪೆನ್ಸಿಲ್ ಹಿಡಿಯುತ್ತಾರೆ ಎಂದು ಗೊತ್ತುಂಟು. ನಿಮ್ಮನ್ನೂ ಒಬ್ಬ ತಾಯಿಯೇ ಹೆತ್ತದ್ದು ಸ್ವಾಮಿ, ಬಿಟ್ಟುಬಿಡಿ.)

ವಿಷಯ ಒಡೆದವಳು ಬೊಂಬಾಯಿಯ ಸುಲೋಚನ. ನನ್ನ ಮೈದುನನ ಹೆಂಡತಿ. ಧರ್ಮಸ್ಥಳಕ್ಕೆ ಹೊರಟವಳು ದಾರಿಯಲ್ಲಿ ನಮ್ಮಲ್ಲಿ ಇಳಿದಿದ್ದಳು. ಅವಳ ಎದುರಿಗೇ ಇನ್ನೊಂದು ತಟ್ಟೆ ಹೋಳಿಗೆ ಬಂತು. ತಂದವರ ಕಣ್ಣು ನನ್ನ ಸೆರಗಿನ ಮೇಲೆ ಇದ್ದದ್ದನ್ನು ಅವಳು ನೋಡಿದಳು. ಅವರು ಆಚೆ ಹೋದದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಕ್ಕ, ಇದು ಬಯಕೆ ತಿಂಡಿ. ನಿಮಗೆ ಇನ್ನೂ ಗೊತ್ತಾಗಲಿಲ್ಲವಾ?"

ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ವಾಪಸು ಇಟ್ಟೆ. ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ಸುಲೋಚನ ಸಮಾಧಾನ ಮಾಡಲಿಕ್ಕೆ ತನ್ನ ಬಿಲ್ಡಿಂಗಿನ ಒಬ್ಬ ಶ್ರೀಮಂತ ಹೆಂಗಸಿನ ಕಥೆ ಹೇಳಿದಳು. ಆಕೆ ಮೂರು ಹೆತ್ತ ಮೇಲೆ ಆಪರೇಷನ್ ಮಾಡಿಸಿಕೊಂಡರಂತೆ. ಡಾಕ್ಟರು ಹೊಟ್ಟೆಯ ಹೆಚ್ಚಿನ ಚರ್ಮ ಕತ್ತರಿಸಿ, ಎಳೆದು ಹೊಲಿದರಂತೆ. ಅದೇ ಮತ್ತಿನಲ್ಲಿ ಎದೆಯ ಒಳಗೂ ಸ್ಪಂಜಿನಂಥದ್ದು ಏನೋ ಇಟ್ಟು ತುಂಬಿಸಿದರಂತೆ. ಎರಡು ಕೆಲಸ ಒಂದೇ ಸಲಕ್ಕೆ. ಎಂಥ ಹುಚ್ಚು ಮಾರಾಯ್ತಿ ಎಂದು ನಾನೂ ನಕ್ಕೆ.

ಆಮೇಲೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. ತುಂಬಾ ನೋವಾಗುತ್ತದಾ? ಮಕ್ಕಳನ್ನು ಎತ್ತಿಕೊಳ್ಳಬಹುದಾ? ಎತ್ತುವುದು ಬಿಡಿ ಅಕ್ಕ, ಅಂದಳು. ಕೆಳಗಿನ ಹೊಲಿಗೆಗೆ ನೆಟ್ಟಗೆ ನಿಲ್ಲಲಿಕ್ಕಾಗದೆ, ಮೇಲಿನ ಹೊಲಿಗೆಗೆ ಕೈ ಎತ್ತಲಿಕ್ಕಾಗದೆ ಆಕೆ ವಾರಗಟ್ಟಲೆ ಅತ್ತರಂತೆ. ಅಷ್ಟು ಕೇಳಿದ ಮೇಲೂ ನನಗೆ ಆಸೆಯಾಯಿತು. ಬರೆಯಲಿಕ್ಕೆ ನಾಚಿಕೆಯಾಗುತ್ತದೆ, ಆದರೆ ಆಯಿತು. ನಮ್ಮಂಥವರಿಗೆ ಬೊಂಬಾಯಿಯ ಡಾಕ್ಟರು ಎಲ್ಲಿಂದ ಬರಬೇಕು?

ನಮ್ಮಂಥವರಿಗೆ ಬರುವುದು ಅತ್ತೆ. ಸುದ್ದಿ ಬೆಳ್ತಂಗಡಿಯವರೆಗೆ ಹೋಗಿತ್ತು. ಅಲ್ಲಿ ಮಗಳ ಮನೆಯಲ್ಲಿದ್ದ ನನ್ನ ಅತ್ತೆ, ಸುಲೋಚನ ಹೋದ ಮರುದಿನವೇ ತುಪ್ಪದ ಡಬ್ಬ ಹಿಡಿದು ಬಸ್ಸಿನಿಂದ ಇಳಿದರು. ಈ ಸಲ ಗಂಡು ಎಂದು ಪೊಳಲಿಯ ಅಮ್ಮನಿಗೆ ಹರಕೆಯನ್ನೂ ಹೇಳಿಕೊಂಡಾಗಿತ್ತು. ಅವರೂ ಕ್ರಮ ಬಿಡಲಿಲ್ಲ. ಏನೂ ಕೇಳಲಿಲ್ಲ. ನನ್ನ ಕೈಯಿಂದ ಕಡೆಯುವ ಕಲ್ಲು ಬಿಡಿಸಿ ತಾವೇ ಅರೆಯಲಿಕ್ಕೆ ಕೂತರು.

ಹೇಳದೆ ಉಪಾಯವಿರಲಿಲ್ಲ. ಅಡಿಗೆ ಮನೆಯಲ್ಲಿ ಅವರ ಬೆನ್ನಿಗೆ ಹೇಳಿದೆ. ಇದು ಬಸಿರಲ್ಲ ಅತ್ತೆ, ಬರೀ ಹೊಟ್ಟೆ. ಅವರ ಕೈ ನಿಂತಿತು. ಮೊಮ್ಮಗ ಹೋದ ಎಂದು ಅಳುತ್ತಾರೆ ಅಂದುಕೊಂಡೆ. ಅವರಿಗೆ ಬಂದ ಚಿಂತೆಯೇ ಬೇರೆ. ಊರಿಡೀ ತಟ್ಟೆ ಕಳಿಸಿ ಆಗಿದೆ, ನಾವು ತಿಂದೂ ಆಗಿದೆ. ಈಗ ಇಲ್ಲ ಎಂದರೆ ನಗಾಡುವುದಿಲ್ಲವಾ?

"ಬಸಿರು ನಿಲ್ಲಲಿಲ್ಲ ಎಂದು ಹೇಳುವ," ಅಂದರು. "ಎರಡು ದಿನ ಮಲಗಿಕೋ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ."

ಸಂಜೆ ಅಂಗಡಿಯಿಂದ ಬಂದ ಗಂಡನಿಗೂ ಅದೇ ಸರಿ ಕಂಡಿತು. ಒಮ್ಮೆಗೆ ಮುಗಿಯುತ್ತದಲ್ಲ ಮಾರಾಯ್ತಿ, ಅಂದರು. (ಅಂಗಡಿಯಲ್ಲಿ ಯಾರೋ ಬೆನ್ನು ತಟ್ಟಿದಾಗ ಅವರು ಹಲ್ಲು ಕಿರಿದು ಸುಮ್ಮನಿದ್ದರಂತೆ!)

ಅತ್ತೆಯ ಮೇಲೆ, ಗಂಡನ ಮೇಲೆ ಹಾಕಿ ನಾನು ಪಾರಾಗಬಹುದು. ಆದರೆ ಯಾರೂ ನನ್ನನ್ನು ಹಿಡಿದು ಚಾಪೆಯ ಮೇಲೆ ಒತ್ತಲಿಲ್ಲ. ನಾನೇ ಲೆಕ್ಕ ಹಾಕಿದೆ. ಬಸಿರು ಹೋದವಳನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ. ಬರೀ ಹೊಟ್ಟೆಯವಳನ್ನು ಕಂಡರೆ ನಗುತ್ತಾರೆ. ಆ ಅಯ್ಯೋ ಸಾಕು ಅನ್ನಿಸಿತು ನನಗೆ. ಕಂಬಳಿ ಹೊದ್ದು ಮಲಗಿದೆ.

ಹೆಂಗಸರು ಒಬ್ಬೊಬ್ಬರಾಗಿ ಬಂದರು. ಮೆಲುದನಿಯಲ್ಲಿ ಮಾತಾಡಿದರು, ಅತ್ತೆ ಕಣ್ಣೊರೆಸಿಕೊಂಡರು, ನಾನು ಗೋಡೆಗೆ ಮುಖ ಮಾಡಿಕೊಂಡಿದ್ದೆ. ಅಷ್ಟರವರೆಗೆ ಅದು ಹೇಗೋ ನಡೆದುಹೋಗುವ ನಾಟಕವಾಗಿತ್ತು.

ಕೊನೆಗೆ ಸುಮತಿ ಅಕ್ಕ ಬಂದರು. ಅತ್ತೆಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ನನ್ನ ಕೈ ಹಿಡಿದುಕೊಂಡು ತಮ್ಮದೊಂದು ಮಾತು ಹೇಳಿದರು. ಎಷ್ಟೋ ವರ್ಷ ಹಿಂದಿನದು. ಹೆತ್ತ ತಾಯಿಗೂ ಹೇಳಿರಲಿಲ್ಲವಂತೆ. ಏನು ಎಂದು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರದ್ದು. ಹೇಳುತ್ತಾ ಅತ್ತರು. ನಿನಗಾದರೆ ಅರ್ಥವಾಗುತ್ತದೆ ತಂಗಿ, ಅಂದರು.

ನಾನೂ ಅತ್ತುಬಿಟ್ಟೆ. ಅಷ್ಟು ಕೀಳಾಗಿ ಯಾವತ್ತೂ ಅತ್ತದ್ದಿಲ್ಲ. ಅವರ ಅಳುವಿಗೆ ಒಂದು ಮಗು ಇತ್ತು. ನನ್ನದಕ್ಕೆ?

ಎದ್ದು ಹೊರಡುವಾಗ ಕಂಬಳಿಯ ಮೇಲಿನಿಂದಲೇ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟರು. "ಇದು ನಿಧಾನ ಇಳಿಯುತ್ತದೆ, ಬೇಜಾರು ಮಾಡಬೇಡ," ಅಂದರು. ನಾನು ಏನು ಮಾಡಿದೆ ಗೊತ್ತುಂಟಾ? ಉಸಿರು ಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಂಡೆ. ಅಂಥ ಹೊತ್ತಿನಲ್ಲೂ!

ಎರಡು ವರ್ಷದಿಂದ ಈ ಹೊಟ್ಟೆಗೆ ನಾಚಿ ಸೆರಗು ಎಳೆದುಕೊಂಡವಳು ನಾನು. ಈಗ ಆ ನಾಚಿಕೆ ಎಷ್ಟೋ ವಾಸಿ ಅನ್ನಿಸುತ್ತದೆ. ಅದಕ್ಕೆ ಸೆರಗಾದರೂ ಇತ್ತು. ಇದಕ್ಕೆ ಬೊಂಬಾಯಿಯಲ್ಲೂ ಡಾಕ್ಟರಿಲ್ಲ.

ನಿನ್ನೆ ಸುಮತಿ ಅಕ್ಕನ ಬಾಗಿಲಿನವರೆಗೆ ಹೋದೆ. ಅವರು ನನಗಾಗಿ ಮೆಂತೆ ಗಂಜಿ ಬೇಯಿಸುತ್ತಿದ್ದರು. ಹಾಗೆಯೇ ವಾಪಸು ಬಂದೆ. ನಮ್ಮ ಮನೆಗೆ ಬರುವ ಈ ಪತ್ರಿಕೆಯನ್ನು ನನಗಿಂತ ಮೊದಲು ಓದುವವರು ಅವರೇ. ಅತ್ತೆ ಬೈಯಲಿ, ಕೇರಿ ನಗಲಿ. ಎದುರು ನಿಂತು ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಸುಮತಿ ಅಕ್ಕ, ನನ್ನ ಹೊಟ್ಟೆಯಲ್ಲಿ ಯಾರೂ ಇರಲಿಲ್ಲ.